ದೋಣಿಯಂತೆ ಮುಚ್ಚಿದ ಇಟಲಿಯ ಕಾರು

೧೯೮೧ರಲ್ಲಿ ನಾನು ಮಂಗಳೂರಿನ ಪಾಂಡೇಶ್ವರದಲ್ಲಿದ್ದ ನಮ್ಮ ತಂದೆಯ ಗ್ಯಾರೇಜಿನ ವರ್ಕ್ಸ್ ಮ್ಯಾನೇಜರ್ ಆಗಿದ್ದೆ. ತಂದೆ ತೀರಿಹೋಗಿ ಕೆಲವು ವರ್ಷ ಕಳೆದಿತ್ತು. ಕಾನ್ವೆಂಟಿನಲ್ಲಿ ನನಗೆ ಕಸೂತಿ, ಪಿಯಾನೊ ಮತ್ತು ಗ್ರಾಮರ್ ತಪ್ಪದ ಇಂಗ್ಲಿಷ್ ಕಲಿಸಿದ ಸಿಸ್ಟರ್‌ಗಳು ಈ ಹುಡುಗಿ ಮುಂದೆ ಗೇರ್‌ಬಾಕ್ಸ್ ಬಿಚ್ಚುತ್ತಾಳೆಂದು ಕನಸಿನಲ್ಲಿಯೂ ಎಣಿಸಿರಲಾರರು. ಕಾಲೇಜಿನಲ್ಲಿ ಫಿಸಿಕ್ಸ್ ಓದಿದೆ. ಉಳಿದದ್ದನ್ನೆಲ್ಲ ತಂದೆಯ ಬೆನ್ನ ಹಿಂದೆ ನಿಂತು ಕಲಿತೆ. ಹತ್ತಿ ಸೀರೆಯ ಮೇಲೆ ಖಾಕಿ ಓವರ್‌ಕೋಟ್ ತೊಟ್ಟು ಓಡಾಡುತ್ತಿದ್ದೆ. ಹೊಸ ಗಿರಾಕಿಗಳು ನನ್ನ ಹೆಗಲಿನಾಚೆ ಇಣುಕಿ, "ಯಜಮಾನ್ರು ಇಲ್ವಾ?" ಎಂದು ಕೇಳುತ್ತಿದ್ದರು. "ನಾನೇ, ಹೇಳಿ" ಎನ್ನುತ್ತಿದ್ದೆ. ಹಳಬರಿಗೆ ಮಾತ್ರ ನಾನು 'ಬಾಯಿ'. ನಮ್ಮೂರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದು ಹಾಗೆಯೇ.

ಅಂಬಾಸಿಡರ್, ಜೀಪು, ಮೀನಿನ ಲಾರಿ, ಇವು ನಮ್ಮ ಅನ್ನ. ಅಂಥ ಗ್ಯಾರೇಜಿಗೆ ಜೂನ್ ತಿಂಗಳ ಮೊದಲ ಮಳೆಗಳ ನಡುವೆ ಒಂದು ಬೆಳಿಗ್ಗೆ ಇಟಲಿಯ ಕೂಪೆಯೊಂದು ಬಂದು ನಿಂತಿತು. ಕೂಪೆ ಎಂದರೆ ಎರಡೇ ಬಾಗಿಲಿನ, ತಗ್ಗಾದ, ಬೆನ್ನು ಇಳಿಜಾರಾದ ಸ್ಪೋರ್ಟ್ಸ್ ಕಾರು. ಇಟಲಿಯ ಕಾರೆಂದರೆ ಕೆಂಪು ಎಂದು ಎಲ್ಲರ ಎಣಿಕೆ. ಇದು ಉಪ್ಪಿನಕಾಯಿಗೆ ಹಾಕುವ ಹುಳಿ ಬಿಂಬುಳಿ ಕಾಯಿಯ ಹಸಿರು. ಮುಂದಿನ ದೀಪದಿಂದ ಹೊರಟ ಒಂದು ಗೆರೆ ಬಾಗಿಲನ್ನು ಹಾದು, ಹಿಂದಿನ ಚಕ್ರದ ಮೇಲೆ ಒಂದಿಷ್ಟು ಏರಿ, ಬಾಲದಲ್ಲಿ ಮುಗಿಯುತ್ತಿತ್ತು. ಎಲ್ಲಿಯೂ ಕೈ ತಡೆದ ಗುರುತಿಲ್ಲ. ಚರ್ಚಿನಲ್ಲಿ ಏರುಸ್ವರದ ಒಳ್ಳೆಯ ಸೊಪ್ರಾನೊ ಗಾಯಕಿ ಒಂದೇ ಉಸಿರಿನಲ್ಲಿ ಒಂದು ಸಾಲು ಹಾಡಿ ಮುಗಿಸಿದ ಹಾಗೆ. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡುವುದನ್ನೂ ಮರೆತು ನೋಡಿದೆ.

ಅದರಿಂದ ಇಳಿದವರು ಡಾಕ್ಟರ್ ಸುಮತಿ ಶೆಟ್ಟಿ. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಅನಸ್ತೀಶಿಯಾ ಕೊಡುವ ಡಾಕ್ಟರು. ನೈರೋಬಿಯಲ್ಲಿ ಬಹಳ ಕಾಲ ಇದ್ದು, ಗಂಡ ತೀರಿಕೊಂಡ ಮೇಲೆ ಎಪ್ಪತ್ತರ ದಶಕದ ನಡುವಿನಲ್ಲಿ ಕಾರಿನ ಸಮೇತ ಊರಿಗೆ ಮರಳಿದವರು. ಅವರ ಹಿಂದೆಯೇ ಅಂಬಾಸಿಡರಿನಲ್ಲಿ ಬಂದು ಇಳಿದವರು ಡಾಕ್ಟರರ ತಮ್ಮ ಜಗನ್ನಾಥ ಶೆಟ್ಟರು. ಎರಡು ಹೋಟೆಲುಗಳ ಮಾಲೀಕರು, ಭಾರೀ ಆಳು, ದೊಡ್ಡ ಸ್ವರ.

"ಬಾಯಿ, ಈ ಡಬ್ಬಕ್ಕೆ ಒಂದು ಡೆತ್ ಸರ್ಟಿಫಿಕೇಟ್ ಬರೆದು ಕೊಡಿ" ಎಂದರು ಶೆಟ್ಟರು.

"ಅದು ಬರೆಯುದು ನನ್ನ ಕೆಲಸ ಮಾರಾಯ, ಅವರದ್ದಲ್ಲ" ಎಂದರು ಡಾಕ್ಟರು, ಕೋಲು ಊರಿಕೊಂಡು.

ನಡೆದದ್ದು ಇಷ್ಟು. ಹಿಂದಿನ ದಿನ ಕೂಳೂರು ಸೇತುವೆಯ ಹತ್ತಿರ ಟೈರು ಪಂಕ್ಚರ್ ಆಗಿದೆ. ಯಾರೋ ಲಾರಿಯವರು ಸಹಾಯಕ್ಕೆಂದು ನಿಲ್ಲಿಸಿ, ಬಾಗಿಲ ಕೆಳಗೆ ಜ್ಯಾಕ್ ಇಟ್ಟು ತಿರುಗಿಸಿದ್ದಾರೆ. "ಜ್ಯಾಕ್ ಮೇಲೆ ಹೋಯ್ತು" ಎಂದರು ಡಾಕ್ಟರು. "ಕಾರು ಹೋಗ್ಲಿಲ್ಲ." ಜ್ಯಾಕು ತಗಡನ್ನು ಹರಿದುಕೊಂಡು ಒಳಗೆ ನುಗ್ಗಿತ್ತು.

ಇಲ್ಲಿ ಸ್ವಲ್ಪ ಟೆಕ್ನಿಕಲ್ ವಿಷಯ ಹೇಳಬೇಕು. ಲಾರಿಗೂ ಜೀಪಿಗೂ ಅಡಿಯಲ್ಲಿ ಚಾಸಿ ಎಂಬ ಗಟ್ಟಿ ಚೌಕಟ್ಟು ಇರುತ್ತದೆ. ಮೇಲಿನ ಬಾಡಿ ಕೊಳೆತರೂ ಗಾಡಿ ನಿಲ್ಲುತ್ತದೆ. ಈ ಕೂಪೆಯಂಥ ಕಾರುಗಳಲ್ಲಿ ಬಾಡಿಯೇ ಚೌಕಟ್ಟು. ಬಾಗಿಲ ಕೆಳಗೆ, ಮನೆಯ ಹೊಸ್ತಿಲಿನಂತೆ ಹಾದುಹೋಗುವ ಟೊಳ್ಳು ಪೆಟ್ಟಿಗೆಗೆ ಸಿಲ್ ಎನ್ನುತ್ತಾರೆ. ಎಡಬಲದ ಆ ಎರಡು ಸಿಲ್‌ಗಳೇ ಕಾರಿನ ಬೆನ್ನೆಲುಬು. ಅವು ಸತ್ತರೆ ಓಡುತ್ತಿರುವಾಗಲೇ ಕಾರು ನಡುವಿನಲ್ಲಿ ಮಡಚಿಕೊಳ್ಳಬಹುದು. ಶೆಟ್ಟರ ಭಯದಲ್ಲಿ ಹುರುಳಿತ್ತು.

ಅಕ್ಕನಿಗೆ ಒಂದು ಅಂಬಾಸಿಡರ್, ಒಬ್ಬ ಡ್ರೈವರ್. ಶೆಟ್ಟರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಡ್ರೈವರನೂ ಅಂಬಾಸಿಡರಿನ ಒಳಗೆ ಕುಳಿತಿದ್ದ. "ನೀವು ಸೇಫ್ ಅಂದ್ರೆ ನಾನು ಮತ್ತೆ ಮಾತಾಡುದಿಲ್ಲ ಬಾಯಿ. ಅಲ್ಲ ಅಂದ್ರೆ ಇವತ್ತೇ ಗುಜರಿಗೆ."

ಡಾಕ್ಟರು ನನ್ನನ್ನು ಕಾರಿನ ಆಚೆ ಬದಿಗೆ ಕರೆದರು. "ಒಮ್ಮೆ ಕೂತು ನೋಡಿ."

ಕುಳಿತೆ. ಸೀಟು ನೆಲಕ್ಕೆ ತಾಗಿದಷ್ಟು ತಗ್ಗು. ಸ್ಟಿಯರಿಂಗ್ ವೀಲು ಬಸ್ಸಿನದರಂತೆ ಚಪ್ಪಟೆ ಮಲಗಿ ದೂರದಲ್ಲಿದೆ. ಪೆಡಲುಗಳು ಮಾತ್ರ ಕಾಲ ಬುಡದಲ್ಲಿ. ಕೈ ಚಾಚಬೇಕು, ಮೊಣಕಾಲು ಮಡಚಬೇಕು. ಕೈ ಉದ್ದ, ಕಾಲು ಗಿಡ್ಡ ಇರುವ ಮಂಗನಿಗಾಗಿ ಇಟಲಿಯವರು ಕಾರು ಮಾಡುತ್ತಾರೆ ಎಂದು ಇಂಗ್ಲಿಷ್ ಮೋಟಾರ್ ಮ್ಯಾಗಝಿನ್‌ಗಳಲ್ಲಿ ಗೇಲಿ ಮಾಡುತ್ತಿದ್ದದ್ದು ನೆನಪಾಯಿತು. ಕ್ಲಚ್ ಪೆಡಲು ಉಳಿದ ಕಾರುಗಳಂತೆ ಮೇಲಿನಿಂದ ತೂಗುತ್ತಿರಲಿಲ್ಲ, ನೆಲದಿಂದ ಎದ್ದು ನಿಂತಿತ್ತು. ಹಿಮ್ಮಡಿ ನೆಲದಲ್ಲಿಟ್ಟು ಪಾದ ಬಗ್ಗಿಸಿದರೆ ಸಾಕು, ಬೆಣ್ಣೆಯ ಹಾಗೆ ಇಳಿಯುತ್ತಿತ್ತು.

"ಏಳನೇ ವಯಸ್ಸಿಗೆ ಮೊಣಕಾಲಿಗೆ ಇನ್‌ಫೆಕ್ಷನ್ ಆಗಿ ಎಡಗಾಲು ಹೀಗೇ ನಿಂತದ್ದು" ಎಂದು ಡಾಕ್ಟರು ಸೀರೆಯ ಮೇಲಿನಿಂದಲೇ ಮಂಡಿ ತಟ್ಟಿ ತೋರಿಸಿದರು. ಅದು ಮಡಚಿದ ಸ್ಥಿತಿಯಲ್ಲಿಯೇ ಬಿಗಿದಿತ್ತು. ಪೂರ್ತಿ ಚಾಚಲು ಬರುತ್ತಿರಲಿಲ್ಲ. "ಅಂಬಾಸಿಡರಿನ ಕ್ಲಚ್ ಒತ್ಲಿಕ್ಕೆ ನನ್ನ ಕಾಲು ಅರ್ಧ ಅಡಿ ಉದ್ದ ಆಗ್ಬೇಕು. ನನ್ನ ಹಸ್ಬೆಂಡ್ ನೈರೋಬಿಯಲ್ಲಿ ಇದ್ದಬದ್ದ ಕಾರಲ್ಲೆಲ್ಲ ನನ್ನನ್ನು ಕೂರಿಸಿ ನೋಡಿ, ಕಡೆಗೆ ಇದನ್ನು ತಂದ್ರು. ಇದೊಂದ್ರಲ್ಲೇ ನಾನು ಡ್ರೈವ್ ಮಾಡ್ಲಿಕ್ಕಾಗುದು. ಜಗ್ಗನಿಗೆ ಇದು ಅರ್ಥ ಆಗುದಿಲ್ಲ. ಡ್ರೈವರ್ ಕೊಡ್ತೇನೆ ಹೇಳ್ತಾನೆ. ಡ್ರೈವರ್ ಊಟಕ್ಕೆ ಹೋದಾಗಲೇ ಸಿಝೇರಿಯನ್ ಬರುದು."

ಎಲ್ಲರೂ ದೋಷವೆಂದು ನಕ್ಕ ಆ ವಿನ್ಯಾಸ ಈ ಒಬ್ಬ ಹೆಂಗಸಿಗೆ ಅಳತೆ ತೆಗೆದು ಹೊಲಿದ ರವಿಕೆಯಂತಿತ್ತು. ನಾನು ಈ ಕಾರಿಗೆ 'ನೋ' ಎಂದರೆ, ಮರುದಿನದಿಂದ ಅವರು ಆಸ್ಪತ್ರೆಗೆ ಹೋಗಲು, ಬ್ಯಾಂಕಿಗೆ ಹೋಗಲು, ಸುಮ್ಮನೆ ಗಾಳಿಗೆ ಹೋಗಲು ಕೂಡ ಇನ್ನೊಬ್ಬರನ್ನು ಕೇಳಬೇಕು. 'ಯೆಸ್' ಎಂದು ಕಾರು ಮುರಿದರೆ ಅವರ ಜೀವ ನನ್ನ ತಲೆಯ ಮೇಲೆ.

"ಕತ್ತರಿಸಿ ನೋಡದೆ ಹೇಳ್ಲಿಕ್ಕಾಗುದಿಲ್ಲ ಡಾಕ್ಟ್ರೇ" ಎಂದೆ.

"ನಾವೂ ಪೇಶೆಂಟಿಗೆ ಹಾಗೇ ಹೇಳುದು" ಎಂದು ನಕ್ಕರು. ನಗು ಕಣ್ಣಿನವರೆಗೆ ಹೋಗಲಿಲ್ಲ.

ಕಾರನ್ನು ಬಿಟ್ಟುಹೋದ ಮೇಲೆ ನಾನು ಮತ್ತು ನಮ್ಮ ಟಿಂಕರ್ ಲಾರೆನ್ಸ್ ಅದರ ಸುತ್ತ ಬಂದೆವು. ತಗಡು ತಟ್ಟಿ ನೇರ ಮಾಡುವ, ಬೆಸೆಯುವ ಕೆಲಸಕ್ಕೆ ನಮ್ಮಲ್ಲಿ ಟಿಂಕರಿಂಗ್ ಎನ್ನುತ್ತಾರೆ. ಲಾರೆನ್ಸಿನ ಗೊಣಗಾಟ ಬಾನೆಟ್ ಎತ್ತುವ ಮೊದಲೇ ಶುರು.

"ಇದಕ್ಕೆ ತಗಡು ಹೇಳ್ತಾರಾ ಬಾಯಿ? ನಮ್ಮ ಮನೆಯ ಬಿಸ್ಕಿಟ್ ಡಬ್ಬಿ ಇದಕ್ಕಿಂತ ದಪ್ಪ ಉಂಟು."

ಬಾನೆಟ್ ಎತ್ತಿದಾಗ ಮಾತ್ರ ಅವನೂ ಬಗ್ಗಿ ನೋಡಿದ. ಅಲ್ಯುಮಿನಿಯಮ್ ಎಂಜಿನ್, ತಲೆಯ ಮೇಲೆ ವಾಲ್ವ್ ಆಡಿಸುವ ಎರಡು ಕ್ಯಾಮ್‌ಶಾಫ್ಟ್. ಆ ಕಾಲದಲ್ಲಿ ನಮ್ಮ ರಸ್ತೆಗಳ ಕಾರುಗಳಲ್ಲಿ ಅಂಥದ್ದನ್ನು ನಾವು ಕಂಡಿರಲಿಲ್ಲ. ಸ್ಟಾರ್ಟ್ ಮಾಡಿದರೆ ಮೊದಲು ಕೆಮ್ಮು, ಬಿಸಿಯಾದ ಮೇಲೆ ಹಾಡು. ಆದರೆ ಅದನ್ನು ಮಾಡಿದ ಇಟಲಿಯ ಅದೇ ತಲೆಗಳು ಎಂತೆಂಥ ವಿಚಿತ್ರಗಳನ್ನೂ ಮಾಡಿದ್ದವು ನೋಡಿ. ಗ್ಲಾಸ್ ಇಳಿಸುವ ಹಿಡಿ ತಿರುಗಿಸಿದರೆ ಮಂಡಿಗೆ ಬಡಿಯುತ್ತಿತ್ತು. ಹೀಟರ್ ಪೂರ್ತಿ ಬಂದ್ ಆಗುತ್ತಲೇ ಇರಲಿಲ್ಲ. ಮಂಗಳೂರಿನ ಮೇ ತಿಂಗಳಲ್ಲಿಯೂ ಡಾಕ್ಟರರ ಪಾದಕ್ಕೆ ಬಿಸಿಗಾಳಿ ಸೇವೆ. ಫ್ಯೂಸ್‌ಗಳನ್ನು ನೀರು ಬೀಳುವ ಜಾಗದಲ್ಲಿಯೇ ಇಟ್ಟಿದ್ದರು. ಹಿಂದೆ ಎರಡು ಸೀಟು ಎಂದು ಹೆಸರಿಗೆ ಇತ್ತು, ಶಾಪಿಂಗ್ ಬ್ಯಾಗ್ ಇಡಬಹುದು. ಮೊದಲು ಚೆಂದ ಬಿಡಿಸಿ, ಆಮೇಲೆ ಮನುಷ್ಯರು ಕೂರುತ್ತಾರೆಂದು ನೆನಪು ಮಾಡಿಕೊಂಡವರ ಕೆಲಸ ಅದು.

ಕಾರ್ಪೆಟ್ ಎತ್ತಿದೆವು. ಅಡಿಯಲ್ಲಿ ನೀರು ನಿಂತಿತ್ತು. ಸ್ಕ್ರೂಡ್ರೈವರ್‌ನ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತ ಹೋದೆ. ಗಟ್ಟಿ ಉಕ್ಕು ಗಂಟೆಯ ಹಾಗೆ ಉತ್ತರ ಕೊಡುತ್ತದೆ. ತುಕ್ಕು ಹಿಡಿದದ್ದು ಒದ್ದೆ ರಟ್ಟಿನ ಹಾಗೆ. ಮುಂದಿನ ಭಾಗದಲ್ಲಿ ಎಲ್ಲ ರಟ್ಟು. ವಿಚಿತ್ರವೆಂದರೆ ಅಡಿಯಿಂದ ನೋಡಿದರೆ ಕಾರಿನ ಹೊಟ್ಟೆ ಹೊಸದರಂತಿತ್ತು. ಇಂಚಿಂಚಿಗೂ ಡಾಂಬರಿನ ಲೇಪ, ಜ್ಯಾಕ್ ಹರಿದ ಜಾಗ ಬಿಟ್ಟರೆ ಎಲ್ಲಿಯೂ ಒಂದು ಸಂದಿಯಿಲ್ಲ. ಹೊರಗೆ ಒಣಗಿದ ಕಾರು ಒಳಗಿನಿಂದ ಕೊಳೆತಿತ್ತು.

ಶೆಟ್ಟರಿಗೆ ಫೋನ್ ಮಾಡಿದೆ. ಅವರು ಹೆಮ್ಮೆಯಿಂದ ಹೇಳಿದರು: "ಅದಾ? ಅದು ನಾನೇ ಮಾಡಿಸಿದ್ದು. ಎರಡು ಮಳೆಗಾಲದ ಹಿಂದೆ ಅಕ್ಕನ ಕಾಲಡಿ ನೀರು ಬರ್ತಿತ್ತು. ನಮ್ಮ ಟ್ರಾಲರ್ ಬೋಟು ಕಟ್ಟಿದ ಬೆಂಗ್ರೆಯ ತನಿಯಪ್ಪಣ್ಣನನ್ನು ಕರೆಸಿ ಒಂದು ತೂತೂ ಬಿಡದೆ ಮುಚ್ಚಿಸಿದೆ. ಫಸ್ಟ್ ಕ್ಲಾಸ್ ಕೆಲಸ."

ಮರುದಿನ ತನಿಯಪ್ಪಣ್ಣ ನದಿಯಾಚೆಯ ಬೆಂಗ್ರೆಯಿಂದ ಕಡವಿನ ದೋಣಿಯಲ್ಲಿ ದಾಟಿ ಬಂದರು. ಜೊತೆಗೆ ಶೆಟ್ಟರೂ ಬಂದರು. ತನಿಯಪ್ಪಣ್ಣನಿಗೆ ಅರವತ್ತರ ಸುಮಾರು; ಹೆಗಲಿಗೆ ಬೈರಾಸು ಟವೆಲು, ಉಳಿ ಹಿಡಿದು ಒರಟಾದ ಕೈ. ಕಾರಿನ ಅಡಿಗೆ ಕೈ ಹಾಕಿ ಸವರಿ ನೋಡಿ, "ನನ್ನ ಕೆಲಸ ಒಂದು ಕೂದಲಿನಷ್ಟೂ ಬಿಟ್ಟಿಲ್ಲ ನೋಡಿ ಬಾಯಿ" ಎಂದರು. ದೋಣಿಯ ಹಲಗೆಗಳ ನಡುವೆ ಗಿಡಿಯುವಂತೆ ಹತ್ತಿಯ ನೂಲಿಗೆ ರಾಳ ಸೇರಿಸಿ ಪ್ರತಿ ತೂತಿಗೂ ಗಿಡಿದು, ಮೇಲೆ ಡಾಂಬರು ಬಳಿದಿದ್ದರು.

"ಅದೇ ತೊಂದರೆ ಆದದ್ದು ತನಿಯಪ್ಪಣ್ಣ."

"ಎಂತ ತೊಂದರೆ? ತೂತು ಬಿಟ್ರೆ ಮುಳುಗುದಿಲ್ವಾ?"

ಮಾತಿನಲ್ಲಿ ತಿಳಿಸುವ ಬದಲು ಒಂದು ಚೊಂಬು ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿದೆ. ವಿಂಡ್‌ಸ್ಕ್ರೀನಿನ ಬುಡದಲ್ಲಿ ಗಾಳಿ ಒಳಗೆ ಹೋಗಲು ಸೀಳುಗಳಿದ್ದವು. ಜ್ಯಾಕ್ ಹರಿಯದ ಬದಿಯಲ್ಲಿ ನೀರನ್ನು ಅದಕ್ಕೆ ಹೊಯ್ದೆ. ಇಟಲಿಯವರ ಲೆಕ್ಕದಲ್ಲಿ ಅಲ್ಲಿ ಬಿದ್ದ ಮಳೆ ಒಂದು ಸಣ್ಣ ತೊಟ್ಟಿಗೆ ಇಳಿದು, ಅಲ್ಲಿಂದ ಸಿಲ್ ಒಳಗೆ ಹರಿದು, ಸಿಲ್‌ನ ತಳದ ತೂತುಗಳಿಂದ ರಸ್ತೆಗೆ ಹೋಗಬೇಕು. ಡಾಕ್ಟರು ಆಸ್ಪತ್ರೆಯಲ್ಲಿ ಕಾರು ನಿಲ್ಲಿಸುತ್ತಿದ್ದದ್ದು ಗುಲ್‌ಮೊಹರ್ ಮರದಡಿ. ಆ ಮರದ ಸಾಸಿವೆಯಂಥ ಎಲೆಗಳು ಸೀಳಿನೊಳಗೆ ಇಳಿದು ತೊಟ್ಟಿಯಲ್ಲಿ ಕೆಸರಾಗಿದ್ದವು. ಹಾಗಾಗಿ ತೊಟ್ಟಿ ತುಂಬಿ, ಒಂದಿಷ್ಟು ನೀರು ಡಾಕ್ಟರರ ಕಾಲಿಗೆ ಚೆಲ್ಲಿತ್ತು, ಉಳಿದದ್ದು ಕೆಸರಿನಲ್ಲಿ ಸೋರಿ ಸಿಲ್‌ಗೆ ಇಳಿದಿತ್ತು. ನೀರು ಬಂದದ್ದು ಮೇಲಿನಿಂದ. ಇವರು ಮುಚ್ಚಿದ್ದು ಕೆಳಗಿನದನ್ನು.

"ಈಗ ನಿಮ್ಮ ಗಿಡಿದ ನೂಲು ಒಂದು ಕಿತ್ತು ನೋಡಿ" ಎಂದೆ.

ತನಿಯಪ್ಪಣ್ಣ ಕುಕ್ಕರುಗಾಲಿನಲ್ಲಿ ಕುಳಿತು ಉಳಿಯ ತುದಿ ಹಾಕಿ ಎಳೆದರು. ಮೊದಲು ಕಂದು ಬಣ್ಣದ ಕೊಳೆ ನೀರು, ಆಮೇಲೆ ನೀಲಿ ನೀರು ಬುಳಬುಳನೆ ಅವರ ಪಾದದ ಮೇಲೆ ಸುರಿಯಿತು. ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಶೆಟ್ಟರು ಪಂಚೆ ಎತ್ತಿ ಹಿಂದೆ ಸರಿದರು.

"ಅಯ್ಯೋ ದೇವರೇ! ದೋಣಿಗೆ ನೀರು ಹೊರಗೆ ಇರ್ತದೆ" ಎಂದರು ತನಿಯಪ್ಪಣ್ಣ. "ಇದಕ್ಕೆ ಒಳಗೇ ಉಂಟು."

"ದೋಣಿಯ ಒಳಗೂ ನೀರು ಸೇರ್ತದಲ್ಲ, ಆಗ ಎಂತ ಮಾಡ್ತೀರಿ?"

"ಚಿಪ್ಪಿನಲ್ಲಿ ಗೋರಿ ಗೋರಿ ಹೊರಗೆ ಚೆಲ್ತೇವೆ. ಅದಕ್ಕೇ ಒಬ್ಬ ಆಳು ಇರ್ತಾನೆ."

"ಇಟಲಿಯವರು ಆಳು ಇಡ್ಲಿಲ್ಲ. ತೂತು ಇಟ್ರು."

ತನಿಯಪ್ಪಣ್ಣ ಸ್ವಲ್ಪ ಹೊತ್ತು ನೀಲಿಯಾದ ತಮ್ಮ ಪಾದ ನೋಡಿದರು. ಆಮೇಲೆ ಶೆಟ್ಟರ ಕಡೆ ತಿರುಗಿ, "ನಿಮಗಾದ್ರೂ ಗೊತ್ತಾಗ್ಬಾರ್ದಾ? ಮುಚ್ಚು ಮುಚ್ಚು ಅಂತ ತಲೆ ಮೇಲೆ ನಿಂತವರು ನೀವೇ" ಎಂದು ಗದರಿದರು. ಇಡೀ ಊರಿನಲ್ಲಿ ಜಗನ್ನಾಥ ಶೆಟ್ಟರನ್ನು ಗದರಬಲ್ಲವರು ಅಕ್ಕನಲ್ಲದೆ ಇನ್ನೊಬ್ಬರಿದ್ದಾರೆಂದು ನನಗೆ ಆ ದಿನ ತಿಳಿಯಿತು. ಶೆಟ್ಟರು ನೂಲು ಕಿತ್ತ ತೂತನ್ನೇ ಬಗ್ಗಿ ನೋಡಿದರು. ಅಕ್ಕನ ಕಾಲು ಒದ್ದೆಯಾಗಬಾರದೆಂದು ಮಾಡಿಸಿದ್ದು. ಅದೇ ಅಕ್ಕನ ಕಾರನ್ನು ತಿಂದಿತ್ತು. ಅವರ ದೊಡ್ಡ ಮುಖ ಸಣ್ಣದಾಗಿತ್ತು.

ಕಾರಣ ತಿಳಿದರೂ ಪ್ರಶ್ನೆ ಹಾಗೇ ಉಳಿಯಿತು. ಸಿಲ್ ಹೊಸದು ಮಾಡಬಹುದು. ಆದರೆ ಸಿಲ್‌ನ ಹಿಂದಿನ ತುದಿಯಲ್ಲಿ ಹಿಂದಿನ ಚಕ್ರಗಳ ಸಸ್ಪೆನ್ಶನ್ ಬಂದು ಸೇರುವ ಜಾಗವಿದೆ. ಕಾರಿನ ಹಿಂಭಾಗದ ಭಾರವೆಲ್ಲ ಆ ಅಂಗೈಯಗಲದ ಉಕ್ಕಿನ ಮೇಲೆ. ತುಕ್ಕು ಅಲ್ಲಿಗೆ ಮುಟ್ಟಿದ್ದರೆ ನಾನು ಯಾವ ಮುಲಾಜಿಲ್ಲದೆ ಗುಜರಿಗೆ ಕಳಿಸಬೇಕಿತ್ತು. ಅದನ್ನು ಕಣ್ಣಾರೆ ನೋಡಲು ಹೊರಗಿನ ತಗಡನ್ನು ಕತ್ತರಿಸಲೇಬೇಕು.

ಕತ್ತರಿಸುವ ದಿನ ಡಾಕ್ಟರು ಬಂದು ಸ್ಟೂಲಿನ ಮೇಲೆ ಕುಳಿತರು. "ಆಪರೇಶನ್ ಥಿಯೇಟರಿನ ಒಳಗೆ ಸಂಬಂಧಿಕರನ್ನು ಬಿಡುದಿಲ್ಲ ಅಲ್ವಾ?" ಎಂದು ಕೇಳಿದೆ. "ನಾನು ಅನಸ್ತೆಟಿಸ್ಟ್ ಆಗಿ ಬಂದದ್ದು" ಎಂದರು. 

ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಆ್ಯಂಗಲ್ ಕಬ್ಬಿಣ ಬೆಸೆದು ಬಿಗಿ ಮಾಡಿದೆವು. ಹಾಗೆ ಮಾಡದೆ ಕತ್ತರಿಸಿದರೆ ಬಾಡಿ ಜಗ್ಗಿ, ಆಮೇಲೆ ಬಾಗಿಲು ಜನ್ಮದಲ್ಲಿ ಹೊಂದುವುದಿಲ್ಲ. ಲಾರೆನ್ಸ್ ಹೊರತಗಡನ್ನು ಉಳಿಯಿಂದ ಕತ್ತರಿಸಿ ಹಿಂದಕ್ಕೆ ಮಡಚುತ್ತ ಬಂದ. ಮುಂದಿನ ಭಾಗದಲ್ಲಿ ಹಿಡಿಹಿಡಿ ತುಕ್ಕು ಉದುರಿತು. ಒಳಗೆ ಇನ್ನೊಂದು ಪದರ, ಅದೂ ಜಾಲರಿ. ಅವನು ಹಿಂದಕ್ಕೆ ಹೋದಷ್ಟೂ ನಾನೂ ಬಗ್ಗಿಕೊಂಡು ಜೊತೆಗೆ ಸರಿದೆ. ಕೊನೆಯ ಗೇಣು ಕತ್ತರಿಸಿ ಟಾರ್ಚ್ ಹಿಡಿದ. ನಾನು ನೆಲಕ್ಕೆ ಮಲಗಿ ನೋಡಿದೆ.

ಅಲ್ಲಿ ಉಕ್ಕು ಶುದ್ಧವಾಗಿತ್ತು. ಕಾರ್ಖಾನೆಯ ಬೂದು ಪೇಂಟ್ ಕೂಡ ಹಾಗೆಯೇ ಇತ್ತು. ಆ ಬದಿ ನೋಡಿ ಆಚೆ ಬದಿಯನ್ನೂ ಬಿಚ್ಚಿಸಿದೆ, ಅಲ್ಲಿಯೂ ಹಾಗೆಯೇ. ಡಾಕ್ಟರರ ಮನೆಯ ಪೋರ್ಟಿಕೊ ಇಳಿಜಾರು, ಕಾರು ಯಾವಾಗಲೂ ಮೂಗು ತಗ್ಗಿಸಿ ನಿಲ್ಲುತ್ತಿತ್ತು. ಹಾಗಾಗಿ ನಿಂತ ನೀರೆಲ್ಲ ಮುಂದೆಯೇ ಸೇರಿತ್ತು. ಅದೂ ಅಲ್ಲದೆ, ತಗಡು ಬಿಸ್ಕಿಟ್ ಡಬ್ಬಿಯಷ್ಟು ತೆಳುವೆಂದು ನಾವು ನಕ್ಕಿದ್ದ ಆ ವಿನ್ಯಾಸಕರು ಭಾರ ಬೀಳುವ ಜಾಗದಲ್ಲಿ ಮಾತ್ರ ಮೂರು ಪದರ ಇಟ್ಟು, ಒಂದರ ಮೇಲೊಂದು ಎಷ್ಟು ಅಚ್ಚುಕಟ್ಟಾಗಿ ಬೆಸೆದಿದ್ದರೆಂದರೆ ಲಾರೆನ್ಸ್ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. "ಈ ಕೆಲಸ ಮಾಡಿದವನ ಕೈಗೆ ಮುತ್ತು ಕೊಡ್ಬೇಕು ಬಾಯಿ" ಎಂದ. ಅವನ ಬಾಯಿಂದ ಅಂಥ ಮಾತು ಅದಕ್ಕೆ ಮೊದಲೂ ನಾನು ಕೇಳಿಲ್ಲ, ಆಮೇಲೂ ಕೇಳಿಲ್ಲ.

"ಪೇಶೆಂಟ್ ಬದುಕ್ತದೆ ಡಾಕ್ಟ್ರೇ" ಎಂದೆ, ಓವರ್‌ಕೋಟಿನ ತುಂಬ ತುಕ್ಕಿನ ಪುಡಿ ಮೆತ್ತಿಕೊಂಡು ಎದ್ದು ನಿಂತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಸಿಲ್‌ಗಳನ್ನು ಒಂದಾದ ಮೇಲೊಂದರಂತೆ ಹೊಸ ತಗಡಿನಲ್ಲಿ ಕಟ್ಟಿದೆವು. ಗ್ಯಾಸ್ ವೆಲ್ಡಿಂಗ್‌ನ ಬಿಸಿಗೆ ತೆಳು ತಗಡು ಸೊಟ್ಟಗಾಗದಂತೆ ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ ಬೆಸೆದು ಆರಲು ಬಿಡಬೇಕು, ಅವಸರ ಸಲ್ಲದು. ತಳದ ತೂತುಗಳನ್ನು ಇದ್ದಲ್ಲಿಯೇ ಮತ್ತೆ ಕೊರೆದು, ಮೊದಲಿಗಿಂತ ತುಸು ದೊಡ್ಡದು ಮಾಡಿದೆ. ಮುಚ್ಚಿದ ಪೆಟ್ಟಿಗೆಯ ಒಳಮೈಗೆ ಬ್ರಷ್ ಹೋಗುವುದಿಲ್ಲವಲ್ಲ, ಅಲ್ಲಿಗೆ ಎಂತ ಬಳಿಯುವುದು? ಆ ಸಮಸ್ಯೆಗೆ ದಾರಿ ತೋರಿಸಿದವರು ಮತ್ತೆ ತನಿಯಪ್ಪಣ್ಣನೇ. ಒಂದು ಡಬ್ಬ ಬೂತಾಯಿ ಮೀನಿನ ಎಣ್ಣೆ ಹೊತ್ತುಕೊಂಡು ಬಂದರು. ದೋಣಿಯ ಮರಕ್ಕೂ ಕಬ್ಬಿಣದ ಮೊಳೆಗೂ ಅವರು ಬಳಿಯುವುದು ಅದನ್ನೇ. ಪೇಂಟ್ ಹೊಡೆಯುವ ಗನ್ನಿನಲ್ಲಿ ತುಂಬಿ ತೂತುಗಳಿಂದ ಒಳಗೆ ಹೊಡೆದೆವು. ಎಣ್ಣೆ ಸಂದಿಸಂದಿಗೆ ತೆವಳಿ, ಒಣಗಿ ಚರ್ಮದಂತೆ ಹಿಡಿದುಕೊಂಡಿತು. ಪಾಂಡೇಶ್ವರದ ಬೆಕ್ಕುಗಳೆಲ್ಲ ನಮ್ಮ ಗೇಟಿನಲ್ಲಿ ಸಭೆ ಸೇರಿದವು.

"ಬಾಯಿ, ಇಲ್ಲಿಂದ ಹೋದ್ರೆ ಆಪರೇಶನ್ ಥಿಯೇಟರಿನಲ್ಲಿ ಸರ್ಜನ್ ಕೇಳ್ತಾರೆ, ಇವತ್ತು ಬೂತಾಯಿ ಗಸಿಯಾ ಅಂತ" ಎಂದು ಡಾಕ್ಟರು ಮೂಗು ಮುಚ್ಚಿದರು.

"ಹೌದು ಹೇಳಿ, ಊಟಕ್ಕೆ ಕರೀರಿ" ಎಂದರು ತನಿಯಪ್ಪಣ್ಣ.

ಜುಲೈಯಲ್ಲಿ ಕೆಲಸ ಮುಗಿಯಿತು. ಶೆಟ್ಟರ ಎದುರಿಗೇ ಹೊಸ ಸಿಲ್‌ನ ಕೆಳಗೆ ಜ್ಯಾಕ್ ಇಟ್ಟು ಎತ್ತಿಸಿದೆ. ಎರಡು ಚಕ್ರ ನೆಲ ಬಿಟ್ಟು ಮೇಲೆದ್ದವು. ಆ ಸ್ಥಿತಿಯಲ್ಲಿಯೇ ಬಾಗಿಲು ತೆರೆದು ಮುಚ್ಚಿದೆ. ಬಾಡಿ ದುರ್ಬಲವಿದ್ದರೆ ಈಗ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳಬೇಕು. ಅದು ಕ್ಲಿಕ್ ಎಂದು ಹೊಂದಿಕೊಂಡಿತು.

ಶೆಟ್ಟರು ಅದನ್ನು ನೋಡಿ ತಲೆಯಾಡಿಸಿದರು, ಆದರೆ ಮನಸ್ಸು ಒಪ್ಪಿರಲಿಲ್ಲ. "ಅದೆಲ್ಲ ಸರಿ ಬಾಯಿ. ನಿಮ್ಮ ಸ್ವಂತ ಅಕ್ಕ ಆಗಿದ್ರೆ ಕೂರಿಸ್ತಿದ್ರಾ?"

ನಾನು ಓವರ್‌ಕೋಟ್ ಕಳಚಿ ಮೊಳೆಗೆ ಹಾಕಿ, ಎಡಗಡೆಯ ಸೀಟಿನಲ್ಲಿ ಹೋಗಿ ಕುಳಿತೆ. "ನಾನು ಹೋಗ್ತೇನೆ ಅವರೊಟ್ಟಿಗೆ. ನೀವೂ ಬನ್ನಿ."

ಹಿಂದಿನ ಆ ಹೆಸರಿಗಷ್ಟೇ ಇದ್ದ ಸೀಟಿನಲ್ಲಿ ಜಗನ್ನಾಥ ಶೆಟ್ಟರನ್ನು ತುಂಬಿಸುವುದೇ ಒಂದು ಟಿಂಕರಿಂಗ್ ಕೆಲಸವಾಯಿತು. ಮೊಣಕಾಲು ಗಲ್ಲಕ್ಕೆ, ತಲೆ ಗಾಜಿಗೆ. ಡಾಕ್ಟರು ಕೋಲನ್ನು ತಮ್ಮನ ಕೈಗೆ ಕೊಟ್ಟು ಚಾಲಕಿಯ ಸೀಟಿನಲ್ಲಿ ಕುಳಿತ ಕ್ಷಣದಿಂದ ಬೇರೆಯೇ ಮನುಷ್ಯರಾದರು. ನೆಲದ ಮೇಲೆ ಕುಂಟುತ್ತಿದ್ದ ಹೆಂಗಸಿನ ಸುಳಿವೂ ಅಲ್ಲಿರಲಿಲ್ಲ. ನೇತ್ರಾವತಿ ಸೇತುವೆಯ ಮೇಲೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಅವರು ಮೂರನೆಯ ಗೇರಿಗೆ ಇಳಿಸಿ ಒಂದು ಲಾರಿಯನ್ನು ದಾಟಿದರು. ಎಂಜಿನ್ ಸ್ವರ ಏರಿಸಿತು.

"ಅಕ್ಕಾ, ಮೆಲ್ಲ ಮಾರಾಯ್ತಿ!" ಎಂದು ಹಿಂದಿನಿಂದ ಕೂಗು.

"ನೀನು ಕಾಲಡಿ ನೋಡು. ನೀರು ಉಂಟಾ?"

ಹಿಂದೆ ತುಸು ಒದ್ದಾಟ ಕೇಳಿಸಿತು. "ಇಲ್ಲ" ಎಂದರು ಶೆಟ್ಟರು. ಆಮೇಲೆ ಇನ್ನೊಮ್ಮೆ, ತಮಗೆ ತಾವೇ ಹೇಳಿಕೊಂಡ ಹಾಗೆ, "ಒಣಗಿಯೇ ಉಂಟು."

ಮರಳುವಾಗ ಡಾಕ್ಟರು ಯಾರನ್ನೂ ಕೇಳದೆ ಅತ್ತಾವರಕ್ಕೆ ತಿರುಗಿಸಿ ಆಸ್ಪತ್ರೆಯ ಮುಂದೆ ನಿಲ್ಲಿಸಿದರು. ಮಧ್ಯಾಹ್ನದ ಲಿಸ್ಟಿನಲ್ಲಿ ಅವರಿಗೆ ಕೇಸಿತ್ತು. ತಮ್ಮನ ಕೈಯಿಂದ ಕೋಲು ಇಸಿದುಕೊಂಡು, ಕೀಲಿಕೈ ಸೆರಗಿಗೆ ಸಿಕ್ಕಿಸಿಕೊಂಡು, ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಒಳಗೆ ಹೋದರು. ಮುಂದಿನ ಸೀಟು ಮಡಚಿ ಶೆಟ್ಟರನ್ನು ಹೊರಗೆ ಎಳೆದವಳು ನಾನು. ಸೊಂಟ ಹಿಡಿದು ನಿಂತ ಅವರು ಅಕ್ಕ ಹೋದ ಬಾಗಿಲನ್ನೇ ನೋಡುತ್ತಿದ್ದರು. "ಆ ಡ್ರೈವರನನ್ನು ಹೋಟೆಲಿನ ವ್ಯಾನಿಗೆ ಹಾಕ್ತೇನೆ" ಎಂದರು ಕಡೆಗೆ. "ಬನ್ನಿ ಬಾಯಿ, ರಿಕ್ಷಾದಲ್ಲಿ ಹೋಗುವ."

ಎಂಬತ್ತರ ದಶಕದ ಕೊನೆಯಲ್ಲಿ ನಿವೃತ್ತರಾಗುವವರೆಗೂ ಡಾಕ್ಟರ್ ಸುಮತಿ ಆ ಕಾರನ್ನು ತಾವೇ ಓಡಿಸಿದರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದು ನನ್ನ ಬಳಿ ಬರುತ್ತಿತ್ತು. ತೊಟ್ಟಿಯ ಎಲೆ ತೆಗೆದು, ತಳದ ತೂತುಗಳಿಗೆ ತಂತಿ ಹಾಕಿ ನೋಡಿ ಕಳಿಸುತ್ತಿದ್ದೆ. ಆ ಕೇಸಿನ ನಂತರ ಯಾವುದೇ ಗಾಡಿ ಒದ್ದೆಯಾಗಿ ಬಂದರೆ ನೀರು ಎಲ್ಲಿಂದ ಬಂತು ಎಂಬುದನ್ನು ನಾನು ಮೊದಲ ಪ್ರಶ್ನೆಯಾಗಿ ಕೇಳಿದ್ದಿಲ್ಲ. ನಮ್ಮ ಕರಾವಳಿಯಲ್ಲಿ ನೀರು ಬರಲು ನೂರು ದಾರಿ ಉಂಟು, ಎಲ್ಲವನ್ನೂ ಮುಚ್ಚಲು ಯಾರಿಂದಲೂ ಸಾಧ್ಯವಿಲ್ಲ. ಅದು ಎಲ್ಲಿಂದ ಹೊರಗೆ ಹೋಗಬೇಕು, ಆ ದಾರಿ ತೆರೆದಿದೆಯೇ ಎಂದು ಕೇಳುತ್ತಿದ್ದೆ. ನಾವು ಜೋಪಾನವೆಂದು ಯಾವುದನ್ನಾದರೂ ಸುತ್ತಲೂ ಬಿಗಿಯಾಗಿ ಮುಚ್ಚಿಟ್ಟಾಗ ಅದು ಒಳಗಿನಿಂದಲೇ ಕೊಳೆಯುವುದನ್ನು ನಾನು ಉಳಿ ಹಾಕಿ ಕತ್ತರಿಸಿ ನೋಡಿದ್ದೇನೆ. ಆ ಪಾಠ ಕಲಿಸಿದ್ದು ಇಟಲಿಯ ಯಾರೋ ಅಪರಿಚಿತರು ಬಿಟ್ಟ ನಾಲ್ಕಾರು ಸಣ್ಣ ತೂತುಗಳು.